ಬೆಳಗ್ಗೆ ನೂರು, ಮಧ್ಯಾಹ್ನ ಆರು

ಮಾರ್ಚ್ ೩, ಸೋಮವಾರ

ಫೋನು ಇವತ್ತೂ ಸತ್ತಿತು. ಬೆಳಗ್ಗೆ ಮನೆ ಬಿಡುವಾಗ ಚಾರ್ಜು ನೂರು, ಮಧ್ಯಾಹ್ನ ಊಟದ ಹೊತ್ತಿಗೆ ಆರು. ಪ್ರಾಸ ಸಿಕ್ಕಿತು ಎಂಬುದೊಂದೇ ಸಮಾಧಾನ.

ಬೇರೆಯವರ ಫೋನು ಸತ್ತರೆ ಸತ್ತೀತು. ನನ್ನದು ಸಾಯುವ ಹಾಗಿಲ್ಲ. ಅಕ್ಕನ ಹೆಸರು ಆಸ್ಪತ್ರೆಯ ಪಟ್ಟಿಯಲ್ಲಿದೆ. ಎಲ್ಲೋ ಯಾರೋ ತೀರಿಕೊಂಡು, ಅವರ ಮನೆಯವರು ಒಪ್ಪಿ, ಆ ಕಿಡ್ನಿ ಅಕ್ಕನಿಗೆ ಹೊಂದಿದರೆ ಕರೆ ಬರುತ್ತದೆ. ಅವರು ಬರೆದುಕೊಂಡಿರುವುದು ಎರಡು ನಂಬರು, ನನ್ನದು ಮತ್ತು ನನ್ನ ಹೆಂಡತಿಯದು. ಹೆಂಡತಿ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಪಾಠದ ಹೊತ್ತಿನಲ್ಲಿ ಅವಳ ಫೋನು ಆಫೀಸಿನ ಕಪಾಟಿನಲ್ಲಿರಬೇಕೆಂದು ಅಲ್ಲಿನ ನಿಯಮ. ಅಕ್ಕ ಫೋನೇ ಇಟ್ಟುಕೊಂಡಿಲ್ಲ. “ಎಲ್ರೂ ಹೇಗಿದ್ದೀಯಾ ಅಂತ ಕೇಳ್ತಾರೆ, ಹೇಳೋಕೆ ಹೊಸದೇನೂ ಇರಲ್ಲ” ಎನ್ನುತ್ತಾಳೆ. ಯಾರೂ ಎತ್ತದಿದ್ದರೆ ಆಸ್ಪತ್ರೆಯವರು ಒಂದು ಮೇಲ್ ಹಾಕಿ, ಸ್ವಲ್ಪ ಕಾದು, ಪಟ್ಟಿಯಲ್ಲಿ ಮುಂದಿನವರನ್ನು ಕರೆಯುತ್ತಾರೆ. ಕಿಡ್ನಿಗೆ ಕಾಯುವ ವ್ಯವಧಾನವಿಲ್ಲ. ಕಾಯುವುದೇನಿದ್ದರೂ ಅಕ್ಕನ ಪಾಲಿಗೆ.

ನನ್ನದನ್ನೇ ಕೊಡೋಣವೆಂದರೆ ಸಕ್ಕರೆ ಕಾಯಿಲೆ. ಡಾಕ್ಟರು ನನ್ನ ರಿಪೋರ್ಟನ್ನು ಹಳೆ ಸ್ಕೂಟರ್ ನೋಡಲು ಬಂದವರ ಹಾಗೆ ತಿರುಗಿಸಿ ನೋಡಿ ತಲೆಯಾಡಿಸಿದರು. ಹೊಂದಿದ್ದು ಆ ಮನುಷ್ಯನದು. ನಮ್ಮಿಬ್ಬರಿಗಿಂತ ಕಿರಿಯ, ಒಂದೇ ತಾಯಿಯ ಮಗ. ಒಪ್ಪಿದ, ತಪಾಸಣೆಯೆಲ್ಲ ಮುಗಿಸಿದ, ಆಪರೇಷನ್ನಿನ ದಿನ ಬೆಳಗ್ಗೆ ಫೋನು ಆಫ್ ಮಾಡಿಕೊಂಡು ಎಲ್ಲೋ ಹೋದ. ಕಳೆದ ವರ್ಷದ ಮಾತು. ಅಂದಿನಿಂದ ಈ ಮನೆಯಲ್ಲಿ ಅವನ ಹೆಸರೆತ್ತುವವರಿಲ್ಲ. ಈ ದಿನಚರಿಯಲ್ಲೂ ಎತ್ತುವುದಿಲ್ಲ.

ಮಾರ್ಚ್ ೪, ಮಂಗಳವಾರ

ಬಸ್ ಸ್ಟಾಪಿನ ಎದುರಿನ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವನು ಫೋನನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ, ಒಳಗೆ ಬೀಜ ಬಲಿತಿದೆಯೋ ಎಂದು ನೋಡುವವನ ಹಾಗೆ.

“ಬ್ಯಾಟರಿ ಮುದುಕ ಆಗಿದೆ ಸಾರ್.”

“ಎರಡೇ ವರ್ಷಕ್ಕಾ?”

“ಫೋನಿಗೆ ಎರಡು ಅಂದ್ರೆ ನಮಗೆ ಎಪ್ಪತ್ತು.”

“ಮುದುಕ ಆದ್ರೆ ಮಾತು ಜಾಸ್ತಿ ಆಗ್ಬೇಕಿತ್ತಲ್ಲ, ಇದು ಬಾಯೇ ಬಿಡಲ್ಲ.”

ಅವನು ನಗಲಿಲ್ಲ. ಹೊಸ ಬ್ಯಾಟರಿ ಹಾಕಿದ.

ಮಾರ್ಚ್ ೭, ಶುಕ್ರವಾರ

ಹೊಸ ಬ್ಯಾಟರಿ ಹಳೆಯದರ ಸಂಪ್ರದಾಯ ಬಿಟ್ಟುಕೊಟ್ಟಿಲ್ಲ. ಅದೇ ಹೊತ್ತಿಗೆ ಸತ್ತಿತು.

ನಮ್ಮದು ಎಚ್ಚರಿಕೆಯ ಬೋರ್ಡು ಮಾಡುವ ಕಾರ್ಖಾನೆ. ಜಾರುವ ನೆಲ, ಕರೆಂಟಿನ ಪೆಟ್ಟಿಗೆ, ತಲೆಯ ಮೇಲೆ ಬೀಳಬಹುದಾದ ವಸ್ತು: ಲೋಕದಲ್ಲಿ ಆಗಬಹುದಾದ ಕೆಡುಕಿಗೆಲ್ಲ ಪ್ರಾಸ ಹುಡುಕಿಕೊಡುವುದು ನನ್ನ ಉದ್ಯೋಗ. ಕನ್ನಡದಲ್ಲಿ ಪದವಿ ಪಡೆದವನಿಗೆ ಇದಕ್ಕಿಂತ ಭದ್ರವಾದ ಕೆಲಸವಿಲ್ಲ, ಕೆಡುಕು ನಿಲ್ಲುವುದಿಲ್ಲವಲ್ಲ. ಇವತ್ತು ಬರೆದದ್ದು: “ಅವಸರದ ಹೆಜ್ಜೆ, ಆಸ್ಪತ್ರೆಯ ಸಜ್ಜೆ.”

ಯಜಮಾನರು ಕನ್ನಡಕ ಮೇಲೇರಿಸಿದರು. “ಸಜ್ಜೆ ಅಂದ್ರೆ?”

“ಹಾಸಿಗೆ ಸಾರ್.”

“ಹಾಸಿಗೆ ಅಂತಲೇ ಬರೀರಿ.”

“ಆಗ ಹೆಜ್ಜೆ ಒಂಟಿ ಆಗುತ್ತೆ ಸಾರ್.”

“ಬಿದ್ದವನೂ ಒಂಟಿಯಾಗೇ ಬೀಳೋದು. ಹಾಸಿಗೆ ಅಂತ ಹಾಕಿ.”

ಹೀಗೆ ಭಾಷೆ ಬಡವಾಗುತ್ತದೆ. ಮಧ್ಯಾಹ್ನ ಮೂರು ಸಲ ಯಜಮಾನರ ಟೇಬಲ್ಲಿನ ಫೋನಿನಿಂದ ಆಸ್ಪತ್ರೆಗೆ ಕರೆ ಮಾಡಿ, “ನೀವು ನನಗೆ ಕರೆ ಮಾಡಿದ್ರಾ?” ಎಂದು ಕೇಳಿದೆ. ಮೂರನೆಯ ಸಲ ಅಲ್ಲಿನ ಹೆಂಗಸು, “ಇಲ್ಲ ಸಾರ್, ನೀವೇ ಮಾಡ್ತಿದ್ದೀರಿ” ಎಂದಳು.

ಮಾರ್ಚ್ ೯, ಭಾನುವಾರ

ರಜೆ. ಫೋನಿನ ಹೊಟ್ಟೆಯೊಳಗೆ ಇಳಿದೆ. ಸೆಟ್ಟಿಂಗ್ಸಿನಲ್ಲಿ ಬ್ಯಾಟರಿ ಎಂಬ ಬಾಗಿಲು ತಳ್ಳಿದರೆ ಯಾರು ಎಷ್ಟು ಉಂಡರೆಂದು ಕಾಣುತ್ತದೆ. ಪರದೆ ಇಷ್ಟು, ಕರೆಗಳು ಅಷ್ಟು, ಮೇಲ್ ಒಂದೇ ಮುಕ್ಕಾಲು ಪಾಲು. ದಿನಕ್ಕೆ ನಾಲ್ಕು ಮೇಲ್ ಬಂದರೆ ಹೆಚ್ಚೆನ್ನುವ ಮನೆಯಿದು. ಬಡಕಲು ನೆಂಟನೊಬ್ಬ ಪಾತ್ರೆ ಖಾಲಿ ಮಾಡಿ ಹೋದ ಹಾಗಾಯಿತು.

ಅಕ್ಕ ಕಿಟಕಿಯ ಪಕ್ಕ ಕಾಲು ನೀಡಿ ಕುಳಿತಿದ್ದಳು. ನಿನ್ನೆಯಷ್ಟೇ ಡಯಾಲಿಸಿಸ್ ಆಗಿದೆ, ಕೈ ಇನ್ನೂ ಊದಿದೆ.

“ಏನೋ ಅದು ಅಷ್ಟೊತ್ತಿಂದ?”

“ಸಿಂಕ್ ತೊಂದರೆ ಅಕ್ಕ. ನಿಲ್ತಾನೇ ಇಲ್ಲ.”

“ಪ್ಲಂಬರ್‌ನ ಕರಿ.”

ಅವಳು ತಮಾಷೆ ಮಾಡಿದ ದಿನ ಒಳ್ಳೆಯ ದಿನ.

ಸಿಂಕ್ ಎಂದರೆ ಏನೆಂದು ಓದಿಕೊಂಡೆ. ಫೋನು ಎಲ್ಲೋ ದೂರದ ಸರ್ವರನ್ನು ಕೇಳುತ್ತದೆ: ನಿನ್ನಲ್ಲಿರುವುದೂ ನನ್ನಲ್ಲಿರುವುದೂ ಒಂದೇ ತಾನೆ? ವ್ಯತ್ಯಾಸ ಕಂಡರೆ ನಿದ್ದೆಯಿಂದೆದ್ದು ಸರಿಮಾಡುತ್ತದೆ. ಎದ್ದಷ್ಟೂ ಸಲ ಬ್ಯಾಟರಿ ಕರಗುತ್ತದೆ. ಹಾಗಾದರೆ ನಮ್ಮ ಮೇಲ್‌ನಲ್ಲಿ ಇಡೀ ದಿನ ಏನೋ ಬದಲಾಗುತ್ತಲೇ ಇದೆ. ಏನದು?

ಈ ಖಾತೆ ಬಹಳ ಹಿಂದೆ ನಾನೇ ತೆರೆದದ್ದು. ಆಗಿನ ನನ್ನ ತಿಳಿವಳಿಕೆಯಲ್ಲಿ ಒಂದು ಮನೆಗೆ ಒಂದು ವಿಳಾಸ. ಅಂಚೆಯವನು ಅಣ್ಣನಿಗೊಂದು ಬಾಗಿಲು, ಅತ್ತಿಗೆಗೊಂದು ಬಾಗಿಲು ಹುಡುಕುತ್ತಾನೆಯೇ? ಹಾಗೆಂದು ಮನೆಮಂದಿಗೆಲ್ಲ ಒಂದೇ ಮೇಲ್ ಮಾಡಿ ಎಲ್ಲರ ಫೋನಿಗೂ ಹಾಕಿಕೊಟ್ಟಿದ್ದೆ. ಈಗಲೂ ಹೆಂಡತಿಯ ಶಾಲೆಯ ಸುತ್ತೋಲೆ, ನನ್ನ ಬೋರ್ಡಿನ ಆರ್ಡರು, ಅಕ್ಕನ ರಕ್ತದ ರಿಪೋರ್ಟು ಒಂದೇ ಡಬ್ಬಿಗೆ ಬೀಳುತ್ತವೆ. ಓದದ ಮೇಲ್ ದಪ್ಪ ಅಕ್ಷರದಲ್ಲಿರುತ್ತದೆ. ಯಾರಾದರೊಬ್ಬರು ಓದಿದರೆ ಎಲ್ಲರ ಫೋನಿನಲ್ಲೂ ತೆಳ್ಳಗಾಗುತ್ತದೆ. ಹೊಸಬರು ನಗುತ್ತಾರೆ. ನಮಗೆ ರೂಢಿಯಾಗಿದೆ.

ಮಾರ್ಚ್ ೧೨, ಬುಧವಾರ

ವಿಚಿತ್ರ. ಬಸ್ಸಿನಲ್ಲಿದ್ದಾಗ ಆಸ್ಪತ್ರೆಯಿಂದ ಅಕ್ಕನ ರಿಪೋರ್ಟು ಬಂತು, ದಪ್ಪ ಅಕ್ಷರದಲ್ಲಿ. ತೆರೆಯಬೇಕೆನ್ನುವಷ್ಟರಲ್ಲಿ ಕಣ್ಣೆದುರೇ ತೆಳ್ಳಗಾಯಿತು. ಇನ್ನೊಂದು ಸ್ಟಾಪು ದಾಟುವಷ್ಟರಲ್ಲಿ ಮತ್ತೆ ದಪ್ಪ.

ಸಂಜೆ ಹೆಂಡತಿಯನ್ನು ಕೇಳಿದೆ.

“ನಾನಾ? ನಾನು ಆಗ ಬೋರ್ಡ್ ಮೇಲೆ ತ್ರಿಕೋನ ಬಿಡಿಸ್ತಿದ್ದೆ.”

“ಮತ್ತೆ ಯಾರು ಓದಿದ್ದು?”

“ನೀವೇ ಓದಿ ಮರೆತಿರ್ತೀರಿ. ಮೊನ್ನೆ ಕನ್ನಡಕ ಹಾಕ್ಕೊಂಡೇ ಕನ್ನಡಕ ಹುಡುಕಿದ್ರಿ.”

ಹಳೆಯ ಮೇಲ್‌ಗಳನ್ನು ಜಾಲಾಡಿದೆ. ನಾನು ಓದಿದ್ದು ನನಗೆ ಚೆನ್ನಾಗಿ ನೆನಪಿರುವ ರಿಪೋರ್ಟುಗಳೆಲ್ಲ ಓದಿಲ್ಲವೆಂದು ದಪ್ಪಗೆ ಕುಳಿತಿವೆ. ಆಸ್ಪತ್ರೆಯವು ಮಾತ್ರ. ರಿಯಾಯಿತಿ ಮಾರಾಟದ ಜಾಹೀರಾತನ್ನು, ಶಾಲೆಯ ಸುತ್ತೋಲೆಯನ್ನು ಯಾರೂ ಮುಟ್ಟಿಲ್ಲ. ಕಳ್ಳನೊಬ್ಬ ಮನೆಗೆ ನುಗ್ಗಿ, ಬೀರು ಬಿಟ್ಟು, ಔಷಧದ ಡಬ್ಬಿ ತೆಗೆದು ನೋಡಿ, ಇದ್ದಲ್ಲೇ ಇಟ್ಟು ಹೋದ ಹಾಗೆ. ಇಂಥ ಕಳ್ಳನಿಗೆ ಏನು ಬೇಕಿದ್ದೀತು?

ಮಾರ್ಚ್ ೧೩, ಗುರುವಾರ

ಖಾತೆಯ ಭದ್ರತೆ ಎಂಬ ಕಡೆ ಒಳಗಿರುವ ಫೋನುಗಳ ಹೆಸರಿದೆ. ನನ್ನದು. ಹೆಂಡತಿಯದು. ಮೂರನೆಯದು ಎಂದೋ ಮಾರಾಟ ನಿಂತುಹೋದ ಒಂದು ಮಾದರಿ. ಅದರ ಪಕ್ಕದಲ್ಲಿ: “ಈಗಷ್ಟೇ ಸಕ್ರಿಯ.”

ಆ ಫೋನಿಗೆ ಈ ಮೇಲ್ ಹಾಕಿಕೊಟ್ಟವನು ನಾನೇ. ಪಾಸ್‌ವರ್ಡನ್ನು ನನ್ನ ಬೆರಳಿನಿಂದಲೇ ಒತ್ತಿದ್ದೆ. ಆಗ ಆ ಮನುಷ್ಯ ನನ್ನ ಪಕ್ಕದಲ್ಲಿ ಕುಳಿತು, “ಪಾಸ್‌ವರ್ಡಲ್ಲೂ ಪ್ರಾಸ ಇಟ್ಟಿದ್ದೀಯಲ್ಲೋ ಅಣ್ಣ” ಎಂದು ನಕ್ಕಿದ್ದ.

ಅವನು ಮನೆ ಬಿಟ್ಟ, ನಂಬರು ಬದಲಿಸಿದ. ಮೇಲ್ ಬಿಟ್ಟಿಲ್ಲ.

ಹೆಂಡತಿ ಹೇಳಿದಳು: “ಹೊರಗೆ ಹಾಕಿ ಅಂತ ಅಲ್ಲೇ ಬಟನ್ ಇದೆಯಲ್ಲ, ಒತ್ತಿ. ಪಾಸ್‌ವರ್ಡ್ ಬದಲಾಯ್ಸಿ. ಇದ್ರಲ್ಲಿ ಯೋಚ್ನೆ ಮಾಡೋಕೇನಿದೆ? ಅಕ್ಕನ ಕರೆ ತಪ್ಪಿಹೋದ್ರೆ?”

ಒತ್ತುತ್ತೇನೆ ಎಂದೆ.

ಮಾರ್ಚ್ ೧೪, ಶುಕ್ರವಾರ

ಒತ್ತಲು ಹೋದೆ. ಬಸ್ಸು ಬಂತು.

ಮಾರ್ಚ್ ೧೫, ಶನಿವಾರ

ಬೆರಳಿಗೆ ಪೇಂಟು ಹತ್ತಿತ್ತು.

ಮಾರ್ಚ್ ೧೭, ಸೋಮವಾರ

ರಿಪೇರಿಯವನಿಗೆ ಎಲ್ಲ ವಿವರಿಸಿದೆ, ಮನೆಯ ವಿಷಯ ಬಿಟ್ಟು. ಬ್ಯಾಟರಿ ಮುದುಕನ ಸಿದ್ಧಾಂತವನ್ನು ಅವನು ಲಜ್ಜೆಯಿಲ್ಲದೆ ಕೈಬಿಟ್ಟ.

“ಹಾಗ್ ಹೇಳಿ ಮತ್ತೆ. ಆ ಫೋನು ಹಳೇದು, ಅದ್ರ ಆ್ಯಪ್ಪೂ ಹಳೇದು. ಅದು ಓದಿಲ್ಲ ಅನ್ನುತ್ತೆ, ನಿಮ್ದು ಓದಿದೆ ಅನ್ನುತ್ತೆ. ಸರ್ವರ್ ಇಬ್ರಿಗೂ ಹೂಂ ಅನ್ನುತ್ತೆ. ಇಡೀ ದಿನ ಜಗಳ.”

“ಯಾರು ಸೋಲ್ತಾರೆ?”

“ಬ್ಯಾಟರಿ ಸಾರ್.”

ಎರಡು ದಾರಿ ಹೇಳಿದ. ಆ ಫೋನನ್ನು ಹೊರಗೆ ಹಾಕುವುದು, ಇಲ್ಲವೇ ನನ್ನ ಫೋನಿನಲ್ಲಿ ಸಿಂಕ್ ಬಂದ್ ಮಾಡಿ ಬೇಕಾದಾಗ ಮಾತ್ರ ಮೇಲ್ ಎಳೆದುಕೊಳ್ಳುವುದು. ಎರಡನೆಯದನ್ನು ಆರಿಸಿದೆ. ಇದೇ ಸುಲಭ. ಹೊರಗೆ ಹಾಕಿದರೆ ಪಾಸ್‌ವರ್ಡು ಬದಲಿಸಬೇಕು, ಹೊಸದಕ್ಕೆ ಹೊಸ ಪ್ರಾಸ ಹುಡುಕಬೇಕು.

ಮಾರ್ಚ್ ೧೯, ಬುಧವಾರ

ಸಂಜೆಯ ತನಕ ಬ್ಯಾಟರಿ ಅರ್ಧ ಉಳಿದಿತ್ತು. ತೊಂದರೆ ಬಗೆಹರಿಯಿತು. ಬರೆಯಲು ಬೇರೇನೂ ಇಲ್ಲ.

ಮಾರ್ಚ್ ೨೦, ಗುರುವಾರ

ಊಟದ ಬಿಡುವಿನಲ್ಲಿ, ಫೋನು ಚಾರ್ಜಿಗೆ ಹಾಕಿದ್ದಾಗ, ಪರೀಕ್ಷೆಗೆಂದು ಸಿಂಕ್ ತೆರೆದೆ. ಕುತೂಹಲವಷ್ಟೇ. ಅಕ್ಕನ ಕೊನೆಯ ರಿಪೋರ್ಟನ್ನು ಓದಿ ತೆಳ್ಳಗೆ ಮಾಡಿದೆ. ಒಂದೆರಡು ಉಸಿರಿನಲ್ಲಿ ದಪ್ಪಗಾಯಿತು. ಮತ್ತೆ ತೆಳ್ಳಗೆ ಮಾಡಿದೆ. ಮತ್ತೆ ದಪ್ಪ. ಯಂತ್ರದ ಜಗಳವೆಂದು ರಿಪೇರಿಯವನು ಹೇಳಿದ್ದ. ಹಾಗಾದರೆ ಇದನ್ನು ನೋಡೋಣವೆಂದು, ಯಾವ ಜಗಳಕ್ಕೂ ಸೇರದ ಮೂರು ವರ್ಷ ಹಿಂದಿನ ಒಂದು ಮೇಲನ್ನು ಹುಡುಕಿ, ಓದಿಲ್ಲವೆಂದು ಗುರುತು ಹಾಕಿ ದಪ್ಪ ಮಾಡಿದೆ. ಅಕ್ಕ ಮೊದಲ ಸಲ ಆಸ್ಪತ್ರೆಯಿಂದ ಮನೆಗೆ ಬಂದಾಗ ಎಲ್ಲರೂ ಸೇರಿ ತೆಗೆಸಿಕೊಂಡ ಫೋಟೋ ಅದರಲ್ಲಿದೆ.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ, ಯಾರೋ ತೆರೆದು ನೋಡಿದ ಹಾಗೆ, ತೆಳ್ಳಗಾಯಿತು. ತೆಳ್ಳಗೇ ಉಳಿಯಿತು.

ಸ್ಟಿಕ್ಕರ್ ಕತ್ತರಿಸುವವನು, ನಾವು ರೇಡಿಯಂ ಎಂದು ಕರೆಯುವವನು, “ಯಾಕಣ್ಣ, ಫೋನ್ ನೋಡಿ ನಗ್ತಿದ್ದೀಯಾ?” ಎಂದ. ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದೆ, ಅಷ್ಟೇ. ಅವನಿಗೆ ಎಲ್ಲ ಹೊಳೆಯುತ್ತದೆ.

ಮಾರ್ಚ್ ೨೨, ಶನಿವಾರ

ಡಯಾಲಿಸಿಸ್. ಯಂತ್ರದ ಪಕ್ಕದ ಸ್ಟೂಲಿನಲ್ಲಿ ಕುಳಿತಿದ್ದಾಗ ಅಕ್ಕ ತಾನಾಗಿಯೇ ಕೇಳಿದಳು.

“ಚಿಕ್ಕವನ ಸುದ್ದಿ ಏನಾದ್ರೂ ಗೊತ್ತಾ?”

“ನನಗೆ ಯಾಕೆ ಗೊತ್ತಿರ್ಬೇಕು?”

“ಕೇಳ್ದೆ. ಹೋಟೆಲುಗಳಿಗೆ ಬಟ್ಟೆ ಒಗೆದು ಕೊಡೋ ಲಾಂಡ್ರಿಯಲ್ಲಿ ವ್ಯಾನ್ ಓಡಿಸ್ತಾನಂತೆ. ಅವನ ತಪಾಸಣೆ ಮಾಡಿದ್ದ ನರ್ಸ್ ಹೇಳಿದ್ರು, ದಾರೀಲಿ ಸಿಕ್ಕಿದ್ನಂತೆ.”

“ನಿನಗೆ ಸಿಟ್ಟೇ ಬರಲ್ವಾ ಅಕ್ಕ?”

“ಅವನ ಕಿಡ್ನಿ, ಅವನದು. ನಾನೇನು ಕೈಬಳೆ ಕೊಟ್ಟು ವಾಪಸ್ ಕೇಳ್ತಿದ್ದೀನಾ?” ಆಮೇಲೆ ಹೇಳಿದಳು: “ಸಣ್ಣವನಿದ್ದಾಗ ಇಂಜೆಕ್ಷನ್ ಅಂದ್ರೆ ಮಂಚದ ಕೆಳಗೆ ಸೇರ್ಕೋತಿದ್ದ. ಎಳೆದು ತರ್ತಿದ್ದೋನು ನೀನೇ. ಆಗ ಚುಚ್ತಿದ್ದಿದ್ದು ನಿನಗಲ್ಲ ನೋಡು, ಭಾರಿ ಧೈರ್ಯ.”

ಯಂತ್ರದ ಟ್ಯೂಬಿನಲ್ಲಿ ಅವಳ ರಕ್ತ ಹೋಗಿ ಬರುತ್ತಿತ್ತು. ಅದನ್ನೇ ನೋಡುತ್ತಿದ್ದೆ.

ಮಾರ್ಚ್ ೨೭, ಗುರುವಾರ

ಅಕ್ಕನ ಆರೋಗ್ಯದ ದಾಖಲೆ ಒಂದೆಡೆ ಇರಲಿ ಎಂದು ಇವತ್ತಿನಿಂದ ಮೇಲ್‌ನಲ್ಲೇ ಬರೆದು ನಮ್ಮ ಖಾತೆಗೇ ಕಳಿಸುತ್ತಿದ್ದೇನೆ. ಡಾಕ್ಟರು ಕೇಳಿದಾಗ ತೋರಿಸಲು ಅನುಕೂಲ. ಇವತ್ತಿನದು: “ಹಿಮೋಗ್ಲೋಬಿನ್ ಸ್ವಲ್ಪ ಏರಿದೆ, ಕಾಲಿನ ಊತ ಸ್ವಲ್ಪ ಜಾರಿದೆ.” ದಾಖಲೆಗೆ ಪ್ರಾಸವಿದ್ದರೆ ತಪ್ಪೇನಿಲ್ಲ.

ಕಳಿಸಿದ ಮೇಲೆ ಒಂದು ಸಲ ಸಿಂಕ್ ತೆರೆದು ನೋಡಿದೆ. ತೆಳ್ಳಗಾಗಿತ್ತು.

ಏಪ್ರಿಲ್ ೧, ಮಂಗಳವಾರ

ದಾಖಲೆ: “ಇವತ್ತು ಹಸಿವಾಯಿತು, ಎರಡು ತುತ್ತು ಹೆಚ್ಚು ಹೋಯಿತು. ರಾತ್ರಿ ಕೆಮ್ಮಿಲ್ಲ, ಗೋಳಾಡಿದ್ದೂ ಇಲ್ಲ.” ಈ ಸಲ ಅದು ದಪ್ಪಕ್ಕೆ ತಿರುಗಲಿಲ್ಲ. ಚಿಕ್ಕವನು ಮೊದಲೆಲ್ಲ ಓದಿದ ಗುರುತು ಅಳಿಸುತ್ತಿದ್ದ, ಈಗ ಅಳಿಸುತ್ತಿಲ್ಲ. ಮರೆತಿದ್ದಾನೋ, ಬಿಟ್ಟಿದ್ದಾನೋ. ತಿಳಿಯುವ ಉಪಾಯವಿಲ್ಲ.

ಹೆಂಡತಿ, “ಈ ದಾಖಲೆ ಯಾವ ಡಾಕ್ಟರಿಗೆ ರೀ?” ಎಂದಳು.

“ಯಾರಾದ್ರೂ ಕೇಳಿದ್ರೆ ಇರ್ಲಿ ಅಂತ.”

“ಹೂಂ” ಎಂದಳು. ಅವಳ ಹೂಂ ಉತ್ತರಪತ್ರಿಕೆಯ ಮೇಲೆ ಕೆಂಪು ಗೀಟು ಎಳೆದ ಹಾಗಿತ್ತು.

ಏಪ್ರಿಲ್ ೯, ಬುಧವಾರ, ಆಸ್ಪತ್ರೆಯ ಹಜಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ನಿನ್ನೆ ಬೆಳಗ್ಗೆ ರಾಸಾಯನಿಕ ಕಾರ್ಖಾನೆಯೊಂದರ ಅಂಗಳದಲ್ಲಿ ಬೋರ್ಡು ನಿಲ್ಲಿಸುವ ಕೆಲಸ. “ಒದ್ದೆ ನೆಲ, ಬಿದ್ದರೆ ಒಂದೇ ಸಲ.” ಹಿಂದಿನ ಸಂಜೆ ಒಂದು ದಾಖಲೆ ಕಳಿಸಿದ್ದೆ, ಅಕ್ಕ ಟಿವಿ ನೋಡಿ ಗಟ್ಟಿಯಾಗಿ ನಕ್ಕಳೆಂದು. ಅದು ಇನ್ನೂ ದಪ್ಪಗೇ ಇತ್ತು. ಮನೆ ಬಿಡುವಾಗಲೂ ದಪ್ಪ. ಎಂದೂ ಇಷ್ಟು ತಡವಾಗಿರಲಿಲ್ಲ. ಹುಷಾರಿಲ್ಲವೇ? ಫೋನು ಕೆಟ್ಟಿತೇ? ಒಂದು ಸಲ ನೋಡೋಣವೆಂದು ಸಿಂಕ್ ತೆರೆದೆ. ಮುಚ್ಚಲಿಲ್ಲ. ಕಂಬಕ್ಕೆ ಗುಂಡಿ ತೋಡುತ್ತಾ ನೋಡಿದೆ, ಬೋಲ್ಟು ಬಿಗಿಯುತ್ತಾ ನೋಡಿದೆ. ಅಂಗಳದಲ್ಲಿ ಪ್ಲಗ್ಗು ಎಂಬುದಿಲ್ಲ. ಕೊನೆಗೂ ತೆಳ್ಳಗಾಯಿತು. ಅದಾದ ಸ್ವಲ್ಪ ಹೊತ್ತಿಗೆ ಫೋನು ಸತ್ತಿತು.

ಕಾರ್ಖಾನೆಗೆ ಮರಳಿದಾಗ ಯಜಮಾನರು ಗೇಟಿನಲ್ಲೇ ನಿಂತಿದ್ದರು. ಅವರು ಗೇಟಿನ ತನಕ ಬಂದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

“ನಿಮ್ಮ ಮನೆಯವರು ಫೋನ್ ಮಾಡಿದ್ರು. ಆಸ್ಪತ್ರೆಯಿಂದ ಕರೆ ಬಂದಿತ್ತಂತೆ, ನೀವು ಎತ್ತಿಲ್ಲ, ಅವರೂ ಕ್ಲಾಸಲ್ಲಿದ್ರಂತೆ. ಹೋಗಿ, ಹೋಗಿ, ಇಲ್ಲೇನು ನೋಡ್ತೀರಿ?”

ಆಟೋದಲ್ಲಿ ಕುಳಿತು ನನಗೆ ಗೊತ್ತಿದ್ದ ಬೈಗುಳವನ್ನೆಲ್ಲ ನನಗೇ ಬೈದುಕೊಂಡೆ. ಒಂದಕ್ಕೂ ಪ್ರಾಸವಿರಲಿಲ್ಲ. ಕರೆ ಹೋಗಿದೆ, ಕಿಡ್ನಿಯೂ ಪಟ್ಟಿಯ ಮುಂದಿನವರಿಗೆ ಹೋಗಿರುತ್ತದೆ. ಅಕ್ಕನಿಗೆ ಏನೆಂದು ಹೇಳುವುದು? ನಿನ್ನ ತಮ್ಮ ಮೇಲ್ ಓದಿದನೋ ಇಲ್ಲವೋ ಎಂದು ನೋಡುತ್ತಾ ಕುಳಿತಿದ್ದೆ ಎನ್ನುವುದೇ?

ಆಸ್ಪತ್ರೆಯ ಬಾಗಿಲಲ್ಲಿ ಲಾಂಡ್ರಿಯ ವ್ಯಾನು ಅಡ್ಡಾದಿಡ್ಡಿ ನಿಂತಿತ್ತು. ಕಾವಲುಗಾರ ಅದರ ಸುತ್ತ ತಿರುಗುತ್ತಾ ಚಾಲಕನ ವಂಶವನ್ನು ವಿಚಾರಿಸುತ್ತಿದ್ದ. ಮೂರನೆಯ ಮಹಡಿಯ ಹಜಾರದಲ್ಲಿ, ನೀಲಿ ಅಂಗಿಯಲ್ಲಿ, ಗೋಡೆಗೆ ಒರಗಿ ತಮ್ಮ ನಿಂತಿದ್ದ. ತೆಳ್ಳಗಾಗಿದ್ದಾನೆ.

“ಫೋನ್ ಯಾಕೆ ಎತ್ತಲ್ಲ ನೀನು?” ಎಂದ. ಇಷ್ಟು ಕಾಲದ ಮೇಲೆ ಮೊದಲ ಮಾತು.

“ಚಾರ್ಜ್ ಇರ್ಲಿಲ್ಲ. ಅಕ್ಕ?”

“ಒಳಗೆ ಕರ್ಕೊಂಡು ಹೋದ್ರು. ಕೊನೇ ಟೆಸ್ಟು ಸರಿ ಬಂತು. ಮಧ್ಯಾಹ್ನ ಮೇಲ್ ಬಂತಲ್ಲ, ನೋಡಿದ ತಕ್ಷಣ ಇಲ್ಲಿಗೆ ಫೋನ್ ಮಾಡಿ, ಬರ್ತಿದ್ದೀವಿ, ಬೇರೆಯವ್ರಿಗೆ ಕೊಡ್ಬೇಡಿ ಅಂದೆ. ನಿನಗೆ ಮಾಡ್ದೆ. ಮಾಡ್ದೆ, ಮಾಡ್ದೆ. ಆಮೇಲೆ ಮನೆಗೆ ಹೋಗಿ ನಾನೇ ಅಕ್ಕನ್ನ ವ್ಯಾನಲ್ಲಿ ಕರ್ಕೊಂಡು ಬಂದೆ.”

ಬೆಂಚಿನ ಮೇಲೆ ಕುಳಿತೆ. ಅವನೂ ಕುಳಿತ, ನಡುವೆ ಇನ್ನೊಬ್ಬರು ಹಿಡಿಯುವಷ್ಟು ಜಾಗ ಬಿಟ್ಟು.

“ಬಾಗಿಲು ತೆಗೆದು ಏನಂದ್ಲು?”

“ಚಪ್ಪಲಿ ಹೊರಗೆ ಬಿಡು ಅಂದ್ಲು. ಆಮೇಲೆ, ಬೇಡ ಬಿಡು, ಹೊರಡೋದೇ ತಾನೆ ಅಂದ್ಲು. ಹೋಟೆಲಿನ ಬೆಡ್‌ಶೀಟುಗಳ ಪಕ್ಕ ಕೂತ್ಕೊಂಡು ಬಂದ್ಲು. ಇಸ್ತ್ರಿ ಆಗಿ ಹೋಗ್ತಿದ್ದೀನಿ, ಆಪರೇಷನ್ ಸಲೀಸು ಅಂತ ದಾರಿಯುದ್ದಕ್ಕೂ ನಗ್ತಿದ್ಲು.”

“ನೀನು ದಿನಾ ಮೇಲ್ ಓದ್ತಿದ್ದೆ.”

“ನೀನು ದಿನಾ ಬರೀತಿದ್ದೆ.”

“ಅದು ದಾಖಲೆಗೆ.”

“ಪ್ರಾಸ ಕೆಟ್ಟದಾಗಿತ್ತು” ಎಂದ. “ಏರಿದೆ, ಜಾರಿದೆ. ಏನದು?”

ಆಪರೇಷನ್ ಕೋಣೆಯ ಮೇಲಿನ ಕೆಂಪು ದೀಪ ಹತ್ತಿತು. ಯಾವುದೋ ಒಂದು ಮನೆಯಲ್ಲಿ ಇದೇ ಹೊತ್ತಿಗೆ ಯಾರೋ ಒಬ್ಬರ ಬಟ್ಟೆ ಮಡಿಚಿಡುತ್ತಿರಬಹುದು. ಅವರ ಹೆಸರನ್ನು ಆಸ್ಪತ್ರೆಯವರು ಹೇಳುವುದಿಲ್ಲವಂತೆ. ಹೇಳಿದ್ದರೆ ಇಲ್ಲಿ ಬರೆದಿಡುತ್ತಿದ್ದೆ.

ಆ ಬಾಗಿಲನ್ನೇ ನೋಡುತ್ತಾ ತಮ್ಮ ಹೇಳಿದ: “ಅವತ್ತು ಗೇಟಿನ ತನಕ ಬಂದಿದ್ದೆ ಅಣ್ಣ. ಬ್ಯಾಗೂ ತಂದಿದ್ದೆ. ಒಳಗೆ ಕಾಲೇ ಬರ್ಲಿಲ್ಲ.”

ಈ ಮಾತು ಬಂದರೆ ಏನು ಹೇಳಬೇಕೆಂದು ವರ್ಷದಿಂದ ಸಿದ್ಧ ಮಾಡಿಟ್ಟಿದ್ದೆ. ಹೇಳಿದ್ದು ಮಾತ್ರ: “ಬೆಳಗ್ಗಿಂದ ಏನಾದ್ರೂ ತಿಂದಿದ್ದೀಯಾ?”

ಕೆಳಗೆ ಕ್ಯಾಂಟೀನಿನಲ್ಲಿ ಬನ್ನು ಮಾತ್ರ ಇತ್ತು. ತಂದೆ. ಹೆಂಡತಿ ಬಂದವಳು ನಮ್ಮಿಬ್ಬರನ್ನೂ ನೋಡಿ, ನಡುವಿನ ಜಾಗದಲ್ಲಿ ಕುಳಿತು ಒಂದು ಬನ್ನು ತೆಗೆದುಕೊಂಡಳು.

ಏಪ್ರಿಲ್ ೧೦, ಗುರುವಾರ

ಆಪರೇಷನ್ ಮೊನ್ನೆ ರಾತ್ರಿಯೇ ಆಯಿತು, ಆದರೆ ಕಿಡ್ನಿ ಇನ್ನೂ ಎದ್ದಿಲ್ಲ ಎಂದಿದ್ದರು ಡಾಕ್ಟರು. ಕೆಲವಕ್ಕೆ ಹೊಸ ಮನೆ ಒಗ್ಗಲು ಹೊತ್ತು ಬೇಕಂತೆ. ಮೂತ್ರ ಬಂದರೆ ಗೆದ್ದ ಹಾಗೆ. ನಿನ್ನೆ ಇಡೀ ದಿನ ನಾವು ಹೋಗಿಬರುವ ನರ್ಸುಗಳ ಮುಖ ನೋಡುತ್ತಾ ಕುಳಿತೆವು. ನಲವತ್ತು ದಾಟಿದ ಇಬ್ಬರು ಗಂಡಸರು ಹೀಗೆ ಮೂತ್ರಕ್ಕಾಗಿ ಕಾದು ಕುಳಿತದ್ದನ್ನು ಮನೆಯಲ್ಲಿ ಯಾರೂ ಊಹಿಸಿರಲಾರರು. ತಮ್ಮ ಲಾಂಡ್ರಿಗೆ ಫೋನು ಮಾಡಿ ರಜೆ ಕೇಳಿದ. ವ್ಯಾನು ವಾಪಸು ತಂದಿಡು, ಆಮೇಲೆ ರಜೆಯ ಮಾತು ಎಂದರಂತೆ. ತಂದಿಟ್ಟು ಮತ್ತೆ ಬಸ್ಸು ಹಿಡಿದು ಬಂದ.

ಇವತ್ತು ಬೆಳಗ್ಗೆ ನರ್ಸು ಬಾಗಿಲು ತೆರೆದು ಕೈಬೀಸಿ ಕರೆದಳು. ಒಳಗೆ ಬಿಡುವುದಿಲ್ಲ, ಗಾಜಿನ ಈಚೆಯಿಂದ ನೋಡಬಹುದು. ಅಕ್ಕ ಮೂಗಿಗೆ ನಳಿಕೆ ಹಾಕಿಕೊಂಡು ಮಲಗಿದ್ದಳು. ಮಂಚದ ಪಕ್ಕ ನೇತುಹಾಕಿದ್ದ ಚೀಲವನ್ನು ನರ್ಸು ಎತ್ತಿ ಹಿಡಿದು ತೋರಿಸಿದಳು. ತಳದಲ್ಲಿ ಹಳದಿ.

ತಮ್ಮ ಗಾಜಿಗೆ ಹಣೆಯಿಟ್ಟು ನೋಡಿದ. “ಬಣ್ಣ ಸರಿಯಾಗಿದೆಯೇನೋ? ನಿನಗೆ ಗೊತ್ತಾಗುತ್ತಲ್ಲ.”

ನಾನು ದಿನವೂ ಹಳದಿಯ ಜೊತೆ ಬದುಕುವವನು. ನಮ್ಮ ಬೋರ್ಡಿನದಕ್ಕಿಂತ ತೆಳು, ಒಳ್ಳೆಯ ತಿಳಿ. “ಚೆನ್ನಾಗಿದೆ” ಎಂದೆ. “ಬಹಳ ಚೆನ್ನಾಗಿದೆ ಕಣೋ.” ಅವನ ಭುಜ ಅಲುಗುತ್ತಿತ್ತು. ಕೈಯಿಟ್ಟೆ.

ಒಳಗೆ ಅಕ್ಕ ತುಟಿಯಾಡಿಸಿದಳು. ನರ್ಸು ಬಗ್ಗಿ ಕೇಳಿಸಿಕೊಂಡು, ನಗು ತಡೆದುಕೊಂಡು ಬಾಗಿಲ ಸಂದಿಯಿಂದ ಹೇಳಿದಳು:

“ಇಬ್ರೂ ನನ್ನ ನೋಡೋಕೆ ಬಂದಿದ್ದಾರೋ, ಆ ಚೀಲ ನೋಡೋಕೆ ಬಂದಿದ್ದಾರೋ ಕೇಳಿ ಅಂತಿದ್ದಾರೆ.”